ಓಣಿಯ ಕೋಟಿಗೆ ಸಿಕ್ಕ ಬಹುಮಾನ

ಮೊನ್ನೆ ನನಗೊಂದು ಬಹುಮಾನ ಬಂತು. ಒಂದು ಬಾಟಲಿ ವಿಸ್ಕಿ!

ನಾನು ಕುಡಿಯುವುದಿಲ್ಲ. ಇದು ಈ ಅಂಕಣ ಓದುವ ನಿಮಗೆ ಗೊತ್ತು, ಕೊಟ್ಟವರಿಗೆ ಗೊತ್ತಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಬಹುಮಾನ ಬಂದದ್ದು ನನಗಲ್ಲ, ನಾನು ಅವತ್ತು ತೊಟ್ಟಿದ್ದ ಕೋಟಿಗೆ. ಆ ಕೋಟೂ ಕುಡಿಯುವುದಿಲ್ಲ. ಹುಟ್ಟಿದಾಗಿನಿಂದ ಅವತ್ತಿನ ತನಕ ಒಂದು ಹನಿ ಮುಟ್ಟಿದ್ದಲ್ಲ. (ನಗಬೇಡಿ. ನಮ್ಮ ಕೋಟಿಗೊಂದು ನಡತೆ ಇದೆ. ಹೇಳುತ್ತೇನೆ.)

ರಾಜಶೇಖರ ನನ್ನ ಹಳೆಯ ದೋಸ್ತ. ಭಾಲ್ಕಿಯವನು. ಬೀದರದಲ್ಲಿ ಡಿಗ್ರಿ ಓದುವಾಗ ಇಬ್ಬರೂ ಒಂದೇ ರೂಮಿನಲ್ಲಿದ್ದೆವು, ಒಂದೇ ತಟ್ಟೆಯಲ್ಲಿ ಉಂಡವರು. ಈಗ ಅವನು ಹೈದರಾಬಾದಿನಲ್ಲಿ ದೊಡ್ಡ ಬಿಲ್ಡರ್. ನಾನು ಬೀದರದಲ್ಲೇ ಮೇಷ್ಟ್ರು. ಅವನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದ ಪಾರ್ಟಿ. ವಾಟ್ಸ್ಯಾಪಿನಲ್ಲಿ ಕಾರ್ಡು ಬಂತು. ಹಳೇ ಕಾಗದದ ಹಳದಿ ಬಣ್ಣ, ಮೂಲೆಯಲ್ಲೊಂದು ಗ್ರಾಮಾಫೋನು. 'ವಿಂಟೇಜ್ ಕಾಕ್‌ಟೇಲ್ ಗಾಲಾ' ಎಂದಿತ್ತು. ಅದರ ಕೆಳಗೆ ಡ್ರೆಸ್ ಕೋಡು: ನಿಮ್ಮ ತಾತ ಉಡುತ್ತಿದ್ದಂತೆ ಉಟ್ಟು ಬನ್ನಿ.

ಓದಿ ಫೋನು ಕೆಳಗಿಟ್ಟೆ.

ನನ್ನ ಅಜ್ಜ ಏನು ಉಡುತ್ತಿದ್ದ? ಔರಾದ ತಾಲೂಕಿನ ಚಿಂತಾಕಿಯಲ್ಲಿ, ನಮ್ಮ ಓಣಿಯಲ್ಲಿ, ಅವನ ಕಾಲದ ಗಂಡಸರೆಲ್ಲ ಉಡುತ್ತಿದ್ದದ್ದನ್ನೇ. ಸೊಂಟಕ್ಕೊಂದು ತುಂಡು ಧೋತರ, ಹೆಗಲಿಗೆ ಕಂಬಳಿ. ಕಾಲಿಗೆ ಚಪ್ಪಲಿ ಇತ್ತು, ಆದರೆ ಊರಿನ ದೊಡ್ಡ ಮನೆಗಳ ಮುಂದೆ ಹಾಯುವಾಗ ಅದು ಕೈಯಲ್ಲಿರುತ್ತಿತ್ತು. ನಮ್ಮ ಜಾತಿಯವರು ಅಲ್ಲಿ ಮೆಟ್ಟಿಕೊಂಡು ಹೋಗುವಂತಿರಲಿಲ್ಲ. ಹಾಗೆ ಉಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ದೊಡ್ಡ ಹೋಟೆಲಿಗೆ ಹೋದರೆ ಒಳಗೆ ಬಿಡುತ್ತಾರೆಯೇ? ವಿಂಟೇಜ್ ಸರಿ. ಯಾರ ವಿಂಟೇಜ್?

ಹೆಂಡತಿ ಸುಜಾತಾಗೆ ತೋರಿಸಿದೆ. ಅವಳು ಹೈಸ್ಕೂಲಿನಲ್ಲಿ ಇತಿಹಾಸದ ಟೀಚರು. ಹಳೆಯದೆಂದರೆ ಅವಳಿಗೆ ನನಗಿಂತ ಬೇಗ ಹೊಳೆಯುತ್ತದೆ.

"ಕೋಟ್ ಅದಲ್ಲರಿ."

"ಯಾವ ಕೋಟು?"

"ಊರಾಗ ಗಂಗೂ ಕಾಕಿ ಬಲ್ಲಿ ಇದ್ದದ್ದು. ನೀವು ನಮ್ಮ ಲಗ್ನದಾಗ ಹಾಕ್ಕೊಂಡಿದ್ದು. ಮರತ್ರೇನು?"

ಮರೆಯುವುದು ಹೇಗೆ? ಅದು ನನ್ನದಲ್ಲ, ಅಷ್ಟೇ. ಅದು ಓಣಿಯದು.

ನಮ್ಮ ಜನ ಬೌದ್ಧ ಧಮ್ಮ ಸ್ವೀಕರಿಸಿದ ಹೊಸತು. ನನ್ನ ಅಜ್ಜ ಮತ್ತು ಅವನ ನಾಲ್ವರು ಗೆಳೆಯರು ಕೂತು ಒಂದು ತೀರ್ಮಾನ ಮಾಡಿದರು. ಇನ್ನು ಮುಂದೆ ನಮ್ಮ ಹುಡುಗರ ಮದುವೆ ಕೋಟಿನಲ್ಲೇ ಆಗಬೇಕು. ಅಲ್ಲಿಯವರೆಗೆ ನಮ್ಮ ಮದುಮಗ ತಲೆಗೊಂದು ಹೊಸ ರುಮಾಲು ಸುತ್ತಿದರೂ ಊರಿಗೆ ಸಿಟ್ಟು ಬರುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಕೋಟು ಹೊಲಿಸುವ ಶಕ್ತಿ ಯಾರಿಗಿತ್ತು? ಐವರೂ ಕೂಡಿ ಓಣಿಗೆಲ್ಲ ಒಂದೇ ಕೋಟು ಹೊಲಿಸಿದರು.

ಹೊಲಿಸುವುದೂ ಸುಲಭವಿರಲಿಲ್ಲ. ಹತ್ತಿರದ ಪೇಟೆಯ ದರ್ಜಿ ಇವರನ್ನು ಮುಟ್ಟಿ ಅಳತೆ ತೆಗೆಯಲು ಒಪ್ಪಲಿಲ್ಲ. ಹಳೇ ಅಂಗಿ ಇಟ್ಟು ಹೋಗಿ, ಅದನ್ನು ನೋಡಿ ಹೊಲಿಯುತ್ತೇನೆ ಎಂದ. ಇವರು ಅಂಗಿ ಇಡಲಿಲ್ಲ. ಬೀದರಕ್ಕೆ ಬಂದರು. ಹಳೇ ಶಹರದ ಒಬ್ಬ ದರ್ಜಿ ಸಾಹೇಬರು ಏನೂ ಕೇಳದೆ ಟೇಪನ್ನು ಅಜ್ಜನ ಎದೆಗೆ ಸುತ್ತಿದರಂತೆ. ಓಣಿಯ ಹೊರಗಿನವರ ಕೈ ಹಾಗೆ ಮೈಮೇಲೆ ಬಂದದ್ದು ಅದೇ ಮೊದಲು. ಅಜ್ಜ ಉಸಿರು ಬಿಗಿಹಿಡಿದು ನಿಂತುಬಿಟ್ಟನಂತೆ.

"ಸಾಂಸ್ ಛೋಡೋ ಮಿಯಾಂ, ನೈ ತೋ ಕೋಟ್ ತಂಗ್ ಹೋತಾ." ಉಸಿರು ಬಿಡಪ್ಪ, ಇಲ್ಲದಿದ್ದರೆ ಕೋಟು ಬಿಗಿಯಾಗುತ್ತದೆ ಎಂದು ನಕ್ಕರಂತೆ ಆ ಸಾಹೇಬರು. ಐವರನ್ನೂ ಅಳೆದು, ಅವರಲ್ಲಿ ದಪ್ಪಗಿದ್ದವನ ಅಳತೆಗೆ ಕತ್ತರಿಸಿ, ಬೆನ್ನಿನ ಹೊಲಿಗೆಯೊಳಗೆ ಇನ್ನಷ್ಟು ಬಟ್ಟೆ ಮಡಚಿ ಬಿಟ್ಟರು. ನಿಮ್ಮ ಮಕ್ಕಳು ಉಂಡುಟ್ಟು ದಪ್ಪಗಾದಾಗ ಬಿಚ್ಚಿಕೊಳ್ಳಿ ಎಂದರು. ಅಂಥ ಹರಕೆಯನ್ನು ನಮ್ಮ ಓಣಿಗೆ ಅದಕ್ಕೂ ಮೊದಲು ಯಾರೂ ಹರಸಿರಲಿಲ್ಲ.

ಆ ಕೋಟು ತೊಟ್ಟ ಮೊದಲ ಮದುಮಗ ನನ್ನ ಕಾಕಾ, ನಮ್ಮಪ್ಪನ ತಮ್ಮ. ಕಾಕಾ ಹೋಗಿ ಬಹಳ ವರ್ಷವಾಯಿತು. ಕೋಟು ಇರುವುದು ಗಂಗೂ ಕಾಕಿಯ ಟ್ರಂಕಿನಲ್ಲಿ, ಬೇವಿನೆಲೆಯ ನಡುವೆ. "ನಾ ಲಗ್ನದಾಗ ಗಂಡನ ಮಾರಿ ನೋಡೇ ಇಲ್ಲಪಾ, ಬರೇ ಕೋಟೇ ನೋಡೀನಿ," ಎಂದು ಈಗಲೂ ನಗುತ್ತಾಳೆ.

ಓಣಿಯಲ್ಲಿ ಮದುವೆ ಬಂದಾಗೆಲ್ಲ ಕಾಕಿ ಬೆನ್ನಿನ ಹೊಲಿಗೆ ಬಿಚ್ಚಿ, ಆ ಹುಡುಗನ ಮೈಗೆ ತಕ್ಕಂತೆ ಮತ್ತೆ ಹೊಲಿಯುತ್ತಾಳೆ. ಒಳಗಡೆ ತಿರುಗಿಸಿ ನೋಡಿದರೆ ಬೆನ್ನುದ್ದಕ್ಕೂ ಹಳೆಯ ಹೊಲಿಗೆಯ ಗುರುತುಗಳು ಸಾಲು ಸಾಲಾಗಿ ಕಾಣುತ್ತವೆ. ಅದರಲ್ಲಿ ಕಾಕಾನದೂ ಒಂದು, ನನ್ನದೂ ಒಂದು.

ಇನ್ನು ಅದರ ನಡತೆ. ಎರಡೇ ಕಟ್ಟಳೆ. ಕೋಟು ಹೊಲಿಸಿದ ಐವರ ಹೆಸರನ್ನು ಗಟ್ಟಿಯಾಗಿ ಹೇಳದೆ ತೋಳು ಹಾಕುವಂತಿಲ್ಲ. ಕೋಟು ಮೈಮೇಲಿರುವ ತನಕ ಹೆಂಡ ಮುಟ್ಟುವಂತಿಲ್ಲ. (ಕಳಚಿದ ಮೇಲೆ ಕೆಲವರು ಮುಟ್ಟಿದ್ದಾರೆ, ಅದು ಬೇರೆ ಮಾತು.) ಅಂಥ ಕೋಟನ್ನು ಕಾಕ್‌ಟೇಲ್ ಪಾರ್ಟಿಗೆ ಒಯ್ಯುವ ಬುದ್ಧಿ ನಮ್ಮ ಓಣಿಯಲ್ಲಿ ನನ್ನೊಬ್ಬನಿಗೇ ಬಂದದ್ದು.

ಕಾಕಿ ಕೊಡುವುದಿಲ್ಲ ಅಂದುಕೊಂಡೇ ಚಿಂತಾಕಿಗೆ ಹೋದೆ. ತಕ್ಷಣ ಟ್ರಂಕು ತೆಗೆದಳು. ಅದೇ ನನಗೆ ಯಾಕೋ ಸರಿ ಕಾಣಲಿಲ್ಲ.

"ಸಿದ್ಧಾರ್ಥಂದು ಲಗ್ನ ಬಂತಲ್ಲ ಕಾಕಿ, ಅವನಿಗಿ ಬೇಕಲ್ಲ ಇದು?"

"ಅಂವಗ ಬ್ಯಾಡಂತ."

ಸಿದ್ಧಾರ್ಥ ಕಾಕಿಯ ಮೊಮ್ಮಗ. ಭಾಲ್ಕಿಯಲ್ಲಿ ಬ್ಯಾಂಕಿನ ನೌಕರಿ. ಮದುವೆ ಬೀದರದ ಫಂಕ್ಷನ್ ಹಾಲಿನಲ್ಲಿ. ಅವನು ಹೈದರಾಬಾದಿನ ಅಂಗಡಿಯಲ್ಲಿ ಬಾಡಿಗೆಯ ಶೇರ್ವಾನಿ ಬುಕ್ ಮಾಡಿದ್ದ. ಮುತ್ತಿನ ಹಾರ, ಸೊಂಟಕ್ಕೊಂದು ಕತ್ತಿ, ಎಲ್ಲ ಸೇರಿ. ಕೋಟು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ಅಜ್ಜಿಗೆ ಹೇಳಿದ್ದನಂತೆ. ನಾನು ಅವನನ್ನು ಬೈಯಲಾರೆ. ಅವನ ಮುತ್ತಜ್ಜ ಬಯಸಿದ್ದೂ ಇದನ್ನೇ ಅಲ್ಲವೇ? ಹುಡುಗ ತನಗೆ ಬೇಕಾದ್ದನ್ನು ತೊಡಲಿ, ಯಾರಿಗೂ ಅಂಜದಿರಲಿ ಅಂತ. ಆದರೆ ಓಣಿಯಲ್ಲಿ ಮದುವೆ ವಯಸ್ಸಿನ ಉಳಿದ ಹುಡುಗರೆಲ್ಲ ಸಿದ್ಧಾರ್ಥ ಏನು ಮಾಡುತ್ತಾನೆಂದು ನೋಡುತ್ತಿದ್ದರು. ಅವನು ಬಿಟ್ಟರೆ ಕೋಟು ಅಲ್ಲಿಗೆ ಮುಗಿಯಿತು. ಇದು ಕಾಕಿಗೂ ಗೊತ್ತಿತ್ತು.

"ಟ್ರಂಕಿನಾಗ ಹುಳ ತಿನ್ನೋದಕ್ಕಿಂತ ಯಾರರ ಹಾಕ್ಕೊಳ್ಳಲಿ ತಗೋ," ಎಂದಳು. ಸೂಜಿಗೆ ದಾರ ಪೋಣಿಸಿ ಕೊಡು ಎಂದಳು. ಬೆನ್ನಿನ ಬಟ್ಟೆಯನ್ನೆಲ್ಲ ಪೂರ್ತಿ ಬಿಚ್ಚಬೇಕಾಯಿತು. (ದರ್ಜಿ ಸಾಹೇಬರ ಹರಕೆ ನನ್ನ ಹೊಟ್ಟೆಯಲ್ಲಿ ಪೂರ್ತಿಯಾಗಿ ಫಲಿಸಿದೆ.) ಹೊಲಿಯುತ್ತಾ ಕೇಳಿದಳು.

"ಅಲ್ಲಿ ಕುಡಿಯೋದು ಇರ್ತದೇನು?"

"ಇರ್ತದ ಕಾಕಿ. ನಾ ಮುಟ್ಟಲ್ಲ."

"ನೀ ಮುಟ್ಟಲ್ಲ, ನನಗ ಗೊತ್ತದ. ಇದಕ್ಕ ಮುಟ್ಟಸಬ್ಯಾಡ."

ಹೈದರಾಬಾದಿನ ಆ ಹೋಟೆಲಿನ ಬಾಗಿಲಲ್ಲಿ ಹಳೇ ಮೋಟಾರೊಂದನ್ನು ನಿಲ್ಲಿಸಿದ್ದರು. ಒಳಗೆ ಗ್ರಾಮಾಫೋನು, ಕಂದೀಲು, ನಮ್ಮ ಬಿದರಿ ಕೆಲಸದ ಹುಕ್ಕಾ. ಬಂದವರೆಲ್ಲ ನವಾಬರು, ದಿವಾನರು, ಜಾಗೀರದಾರರು. ಅಷ್ಟು ಜನರ ತಾತಂದಿರೂ ಜಾಗೀರದಾರರಾಗಿದ್ದರೆ ಹೊಲ ಉತ್ತವರು ಯಾರು? ಸುಜಾತಾ ಬಂದಿದ್ದರೆ ಕೇಳಿಯೇ ಬಿಡುತ್ತಿದ್ದಳು. ಅವಳಿಗೆ ಪರೀಕ್ಷೆಯ ಡ್ಯೂಟಿ ಇತ್ತು.

ಆಮೇಲೆ ಕಣ್ಣಿಗೆ ಬಿದ್ದದ್ದು ಟ್ರೇ ಹಿಡಿದು ಓಡಾಡುವವರು. ಅವರಿಗೂ ವೇಷ ಹಾಕಿಸಿದ್ದರು. ತುಂಡು ಧೋತರ, ಹೆಗಲ ಮೇಲೊಂದು ವಸ್ತ್ರ, ಬರಿಗಾಲು. ಎ.ಸಿ.ಯ ಚಳಿಯಲ್ಲಿ ನುಣುಪು ಕಲ್ಲಿನ ಮೇಲೆ ಬರಿಗಾಲು. ನನ್ನ ಅಜ್ಜ ಆ ಪಾರ್ಟಿಯಲ್ಲಿ ಇದ್ದ. ಅಲ್ಲೊಬ್ಬ, ಇಲ್ಲೊಬ್ಬ, ಗ್ಲಾಸು ಹಂಚುತ್ತಿದ್ದ. ಡ್ರೆಸ್ ಕೋಡನ್ನು ಸರಿಯಾಗಿ ಪಾಲಿಸಿದ್ದರೆ ನಾನೂ ಟ್ರೇ ಹಿಡಿಯಬೇಕಿತ್ತು. ಒಂದು ಮೂಲೆ ಹಿಡಿದು, ಲಿಂಬೂ ಶರಬತ್ತು ತೆಗೆದುಕೊಂಡು ನಿಂತೆ.

ಬೇಗ ಹೊರಟುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ನವಾಬರು ಬಂದರು. ಹಸಿರು ಶೇರ್ವಾನಿ, ಕೈಯಲ್ಲಿ ಕೆಂಪು ವೈನಿನ ಗ್ಲಾಸು, ಮುಖದಲ್ಲಿ ನಿಜವಾದ ಖುಷಿ. "ವಾಹ್, ಇದು ಒರಿಜಿನಲ್! ಒಂದು ಸೆಲ್ಫಿ ಪ್ಲೀಸ್," ಎಂದು ನನ್ನ ಹೆಗಲ ಮೇಲೆ ಕೈ ಹಾಕಿದರು. ಗ್ಲಾಸು ಹಿಡಿದ ಕೈಯನ್ನೇ ಹಾಕಿದರು. ತಣ್ಣಗೆ ಏನೋ ಎದೆಯ ಮೇಲೆ ಇಳಿಯಿತು. ಸೆಲ್ಫಿಯಲ್ಲಿ ನನ್ನ ಮುಖ ಹೇಗೆ ಬಂದಿದೆಯೋ ಗೊತ್ತಿಲ್ಲ.

"ಸಾರಿ ಸಾರಿ, ಸೋಡಾ ಹಚ್ಚಿದರೆ ಹೋಗುತ್ತೆ," ಎಂದರು ಪಾಪ. ಕೆಟ್ಟ ಮನುಷ್ಯರಲ್ಲ. ಕಾಕಿಯ ಮಾತು ಅವರಿಗೇನು ಗೊತ್ತು? ನಾನು ಕರ್ಚೀಫು ಒತ್ತಿಕೊಂಡು ಬಾತ್‌ರೂಮಿನ ದಾರಿ ಹುಡುಕುತ್ತಿದ್ದೆ. ಆಗ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು.

ಬೆಸ್ಟ್ ವಿಂಟೇಜ್ ಪ್ರೈಜ್. ನನಗೆ!

ವೇದಿಕೆಗೆ ಕರೆದರು. ನಿರೂಪಣೆಯ ಹುಡುಗಿ ನಗುತ್ತಾ, ಸರ್ ನಿಮ್ಮ ತಾತನ ಕಥೆ ಹೇಳಿ ಎಂದಳು. ನಾನು ಬಾಯಿ ತೆರೆಯುವ ಮೊದಲೇ ರಾಜಶೇಖರ ಮೈಕು ತೆಗೆದುಕೊಂಡ. ಇವನು ನನ್ನ ಜಾನ್ ಕಾ ದೋಸ್ತ, ಇವನ ತಾತ ಔರಾದ ಕಡೆಯ ದೊಡ್ಡ ಜಮೀನ್ದಾರರು, ನಿಜಾಮರ ದರ್ಬಾರಿಗೆ ಈ ಕೋಟು ಹಾಕಿಕೊಂಡೇ ಹೋಗುತ್ತಿದ್ದರು, ಎಂದುಬಿಟ್ಟ. ಜನ ಓಹೋ ಎಂದರು.

ಒದ್ದೆ ಕೋಟು ಎದೆಗೆ ಅಂಟಿಕೊಂಡಿತ್ತು. ಸುಮ್ಮನಿದ್ದರೆ ಫೋಟೋ ತೆಗೆಸಿಕೊಂಡು ಇಳಿದು ಬರಬಹುದಿತ್ತು. ಆದರೆ ಆ ಐವರು ಅಂಗಿ ಇಟ್ಟು ಬರಲೂ ಒಪ್ಪದೆ ಬೀದರದ ತನಕ ಹೋದವರು. ನಾನು ಅವರನ್ನು ಜಮೀನ್ದಾರರ ಕೈಗೆ ಒಪ್ಪಿಸಿ ಬರಲೇ?

ಮೈಕು ಕೇಳಿ ಪಡೆದೆ. ನನ್ನ ಅಜ್ಜನಿಗೆ ಜಮೀನಿರಲಿಲ್ಲ, ಅವನು ದುಡಿದದ್ದು ಬೇರೆಯವರ ಹೊಲದಲ್ಲಿ, ಈ ಕೋಟು ಒಂದು ಓಣಿಯ ಎಲ್ಲ ಮದುಮಕ್ಕಳದು ಎಂದೆ. ದರ್ಜಿ ಮುಟ್ಟದೇ ಹೋದದ್ದನ್ನು ಹೇಳಿದೆ. ಚಪ್ಪಲಿ ಕೈಯಲ್ಲಿ ಹಿಡಿದದ್ದನ್ನೂ ಹೇಳಿದೆ. ಗ್ರಾಮಾಫೋನಿನ ಬಳಿ ನಿಂತಿದ್ದ ಬರಿಗಾಲಿನವನೊಬ್ಬ ಟ್ರೇ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದ.

ಆಮೇಲೆ ಚಪ್ಪಾಳೆ. ಜೋರು ಚಪ್ಪಾಳೆ. ಕೆಲವರು ಎದ್ದು ನಿಂತು ಹೊಡೆದರು. ಯಾವುದಕ್ಕೆ? ಅಜ್ಜನಿಗೋ, ನನಗೋ, ಅಷ್ಟು ಕೇಳಿಸಿಕೊಂಡ ತಮ್ಮ ತಾಳ್ಮೆಗೋ? ಚಪ್ಪಾಳೆ ಮುಗಿಯುತ್ತಲೇ ಹಾಡು ಶುರುವಾಯಿತು. ಕೈಗೆ ಬಾಟಲಿಯ ಡಬ್ಬಿ ಬಂತು. ಕೆಳಗಿಳಿದ ಮೇಲೆ ಒಬ್ಬ ಹೆಣ್ಣುಮಗಳು ಹತ್ತಿರ ಬಂದು, ಈ ಥರದ ಬಟ್ಟೆ ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಇನ್ಯಾರೂ ಏನೂ ಕೇಳಲಿಲ್ಲ.

ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟೆ. ರಾಜಶೇಖರ ಲಿಫ್ಟಿನ ತನಕ ಓಡಿ ಬಂದ.

"ಸಿಟ್ಟ ಬಂತೇನಲೇ? ನಿನ್ನ ಸಲುವಾಗೇ ಹಂಗ ಹೇಳ್ದೆ. ಅಷ್ಟ ಮಂದಿ ಮುಂದ ನಿನಗ ಹಲ್ಕಾ, ಕಮ್ಮಿ ಅನಸಬಾರದು ಅಂತ."

ಅವನ ಕಣ್ಣಲ್ಲಿ ನೀರಿತ್ತು. ಸುಳ್ಳಲ್ಲ, ಅವನು ನನ್ನ ಮೇಲಿನ ಪ್ರೀತಿಗೇ ಹಾಗೆ ಹೇಳಿದ್ದು. ನೋವು ಆದದ್ದು ಅಲ್ಲಿ. ಒಂದೇ ತಟ್ಟೆಯಲ್ಲಿ ಉಂಡವನಿಗೂ ನನ್ನ ಅಜ್ಜನನ್ನು ಮುಚ್ಚಿಡಬೇಕು ಅನಿಸಿತಲ್ಲ!

"ನನಗ ಹಲ್ಕಾ ಅನಸಿರಲಿಲ್ಲೋ ರಾಜು. ನೀ ಹೇಳಿದ ಮ್ಯಾಲ ಅನಸ್ತು."

ಅವನು ನನ್ನ ಕೈ ಹಿಡಿದೇ ನಿಂತಿದ್ದ. ಲಿಫ್ಟು ಬಂತು, ಬಿಡಿಸಿಕೊಂಡೆ.

ಬೀದರಕ್ಕೆ ಬಂದಾಗ ಸುಜಾತಾ ಕೋಟನ್ನು ಬೆಳಕಿಗೆ ಹಿಡಿದು ನೋಡಿದಳು. ಎದೆಯ ಎಡಗಡೆ ಅಂಗೈಯಗಲ ಕಲೆ. ವಾಸನೆ ಬೇರೆ. ಡ್ರೈಕ್ಲೀನಿಂಗಿಗೆ ಕೊಟ್ಟು, ವಾಸನೆ ಹೋದ ಮೇಲೆ ಕಾಕಿಗೆ ಒಯ್ಯೋಣ ಎಂದೆ.

"ಹಂಗೇ ಒಯ್ಯಿರಿ," ಎಂದಳು ಸುಜಾತಾ. "ತೊಳದು ಒಯ್ದ್ರ ಅದು ಬ್ಯಾರೆ ಸುಳ್ಳ ಆಗ್ತದ."

ಭಾನುವಾರ ಔರಾದದ ಬಸ್ಸು ಹಿಡಿದು ಚಿಂತಾಕಿಗೆ ಹೋದೆ. ಕೋಟು ಚೀಲದಲ್ಲಿ, ಚೀಲ ತೊಡೆಯ ಮೇಲೆ. ಪಕ್ಕದಲ್ಲಿ ಕೂತವರು ಒಂದೆರಡು ಸಲ ಮೂಗೇರಿಸಿ ನನ್ನತ್ತ ನೋಡಿದರು. ಬೆಳಗ್ಗೆಯೇ ಕುಡಿದು ಬಂದ ಮೇಷ್ಟ್ರು ಅಂದುಕೊಂಡಿರಬೇಕು.

ಕಾಕಿ ಕಟ್ಟೆಯ ಮೇಲೆ ಕೂತಿದ್ದಳು. ಮದುವೆ ಕಾರ್ಡು ಹಂಚಲು ಬಂದಿದ್ದ ಸಿದ್ಧಾರ್ಥನೂ ಅಲ್ಲೇ ಇದ್ದ. ಕೋಟು ತೆಗೆದು ಅವಳ ತೊಡೆಯ ಮೇಲಿಟ್ಟೆ. ಅವಳು ಕಲೆಯ ಮೇಲೆ ಕೈಯಾಡಿಸಿದಳು. ಎತ್ತಿ ಮೂಸಿದಳು.

"ನೀ ಕುಡದೇನು?"

"ಇಲ್ಲ ಕಾಕಿ."

"ಮತ್ತ ಇದು ಕುಡೀತಲ್ಲ."

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಪಾರ್ಟಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನವಾಬರು, ಬರಿಗಾಲು, ಜಮೀನ್ದಾರ, ಚಪ್ಪಾಳೆ. ಕಾಕಿ ಪೂರ್ತಿ ಕೇಳಿ, ನಾನು ಅಂದುಕೊಳ್ಳದ ಒಂದು ಪ್ರಶ್ನೆ ಕೇಳಿದಳು.

"ಹೆಸರು ಹೇಳಿ ತೋಳು ಹಾಕಿದೇನು?"

ಹೋಟೆಲಿನ ಬಾಗಿಲ ಬಳಿಯ ಒಂದು ದೊಡ್ಡ ಕನ್ನಡಿಯ ಮುಂದೆ ಕೋಟು ಹಾಕಿಕೊಂಡಿದ್ದೆ. ಪಕ್ಕದಲ್ಲಿ ಯಾರೋ ನವಾಬರು ಮೀಸೆ ಅಂಟಿಸಿಕೊಳ್ಳುತ್ತಿದ್ದರು. ಹೆಸರು ಹೇಳುವುದು ನೆನಪಿಗೇ ಬಂದಿರಲಿಲ್ಲ.

"ಇಲ್ಲ."

"ಮೈಕಿನಾಗರ ಹೇಳಿದೇನು, ನಿಮ್ಮಜ್ಜಂದು?"

ನಾನು ಯೋಚಿಸಿದೆ. 'ನನ್ನ ಅಜ್ಜ' ಎಂದಿದ್ದೆ. 'ಅವನ ಗೆಳೆಯರು' ಎಂದಿದ್ದೆ. ಅಷ್ಟೆಲ್ಲ ಹೇಳಿದೆ, ಹೆಸರು ಹೇಳಿರಲಿಲ್ಲ.

"ಅಲ್ಲಿ ಒಬ್ಬರರ ಕೇಳಿದ್ರೇನು?"

"ಇಲ್ಲ ಕಾಕಿ. ಬಟ್ಟಿ ಎಲ್ಲಿ ಸಿಗ್ತದ ಅಂತ ಕೇಳಿದ್ರು."

ಕಾಕಿ ಕೋಟನ್ನು ಮಗುಚಿ ಹಾಕಿಕೊಂಡಳು. ನನಗಾಗಿ ಹಾಕಿದ್ದ ಬೆನ್ನಿನ ಹೊಲಿಗೆಯನ್ನು ಒಂದೊಂದೇ ಎಳೆ ಕಿತ್ತು ಬಿಚ್ಚತೊಡಗಿದಳು. "ಎದಿ ಮ್ಯಾಲಿನ ಕಲಿ ಇರ್ಲಿ ಬಿಡು," ಎಂದಳು. "ಕಲಿ ಇದ್ರ ನಡೀತದ." ಇನ್ನು ಇದನ್ನು ಯಾರ ಮೈಗೆ ಹೊಲಿಯಬೇಕು ಅವಳು? ನನಗೆ ತಲೆಯೆತ್ತಲಾಗಲಿಲ್ಲ.

ಸಿದ್ಧಾರ್ಥ ಅಷ್ಟು ಹೊತ್ತೂ ಫೋನು ಹಿಡಿದು ಕೂತಿದ್ದವನು ಕೇಳಿದ.

"ಕಾಕಾ, ಅಲ್ಲಿ ಎಲ್ಲಾರೂ ಶೇರ್ವಾನಿ ಹಾಕ್ಕೊಂಡಿದ್ರೇನ್ರಿ?"

"ಹೆಚ್ಚುಕಮ್ಮಿ ಎಲ್ಲಾರೂ."

"ಬಾಡಗಿದೇನ್ರಿ?"

"ಯಾರಿಗಿ ಗೊತ್ತಪಾ? ಇರಬಹುದು."

ಅವನು ಫೋನು ಜೇಬಿಗಿಟ್ಟ. ಕಟ್ಟೆಯಿಂದ ಇಳಿದು, ಅಜ್ಜಿಯ ಮುಂದೆ ಬೆನ್ನು ತಿರುಗಿಸಿ, ಎರಡೂ ತೋಳು ಚಾಚಿ ನಿಂತ. ಕಾಕಿ ನೋಡಿದಳು. ನಾನೂ ನೋಡಿದೆ. ಅವಳು ಕೋಟು ಹಿಡಿದುಕೊಂಡು ಎದ್ದಳು, ಆದರೆ ತೋಳು ಹಾಕಲು ಕೊಡಲಿಲ್ಲ. ಕಾದಳು.

ಆಗ ಅವನಿಗೆ ನೆನಪಾಯಿತು. ಹೆಸರು ಹೇಳತೊಡಗಿದ. ಮೊದಲ ಎರಡು ಸರಾಗವಾಗಿ ಬಂದವು. ಮೂರನೆಯದಕ್ಕೆ ತಡವರಿಸಿದ. ಕಾಕಿ ಹೇಳಿಕೊಟ್ಟಳು. ಪಕ್ಕದ ಮನೆಯ ಹೆಂಗಸೊಬ್ಬಳು ಅಲ್ಲಿಂದಲೇ ನಾಲ್ಕನೆಯದನ್ನು ಕೂಗಿದಳು. ಐದನೆಯದು ನಮ್ಮ ಅಜ್ಜನದು. ಅದನ್ನು ನಾನು ಹೇಳಿದೆ. ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ತೋಳು ಒಳಗೆ ಹೋಯಿತು. ಕಾಕಿ ಬೆನ್ನಿನ ಬಟ್ಟೆ ಮಡಚಿ, ಪಿನ್ನು ಚುಚ್ಚಿ, ಅವನ ಹೆಗಲ ಮೇಲೆ ಹಣೆಯಿಟ್ಟು ಅತ್ತಳು.

"ರಿಸೆಪ್ಶನಿಗಿ ಶೇರ್ವಾನಿ ಇದ್ದೇ ಇರ್ತದ ಆಯಿ," ಎಂದ ಹುಡುಗ. (ಅಡ್ವಾನ್ಸು ವಾಪಸು ಕೊಡುವುದಿಲ್ಲವಂತೆ.) ಅಳುತ್ತಿದ್ದವಳು ನಕ್ಕಳು.

ಮದುವೆ ಮುಂದಿನ ವಾರ. ಕಲೆ ಹಾಗೇ ಇದೆ, ಫೋಟೋದಲ್ಲಿ ಎದ್ದು ಕಾಣುತ್ತದೆ. ರಾಜಶೇಖರನಿಗೂ ಕಾರ್ಡು ಕಳಿಸಿದ್ದೇವೆ. ಬರುತ್ತೇನೆ ಎಂದಿದ್ದಾನೆ.

ಅಂದ ಹಾಗೆ, ಇಷ್ಟು ಹೊತ್ತು ಓದಿದಿರಲ್ಲ. ನಮ್ಮ ಅಜ್ಜನ ಹೆಸರೇನು ಎಂದು ನಿಮಗಾದರೂ ಕೇಳಬೇಕು ಅನಿಸಿತೇ?